ಮೇಲಿನಿಂದ ಇಳಿದುಬಂದ ದೂರು

ಯಲ್ದೂರಿನ ಆಚೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ನಾನು ದೈಹಿಕ ಶಿಕ್ಷಕಿ. ಹುಡುಗಿಯಾಗಿದ್ದಾಗ ಮುಳಬಾಗಿಲಿನ ಮಣ್ಣಿನ ಅಂಕಣದಲ್ಲಿ ಕಬಡ್ಡಿ ಆಡಿದವಳು. ಮೊಣಕಾಲು ಕೈಕೊಟ್ಟ ಮೇಲೆ ರೆಫರಿ ಪರೀಕ್ಷೆ ಬರೆದು ಪಾಸಾದೆ. ಹಾಗೇ ತಾಲ್ಲೂಕಿನ ಹುಡುಗಿಯರ ತಂಡದ ಜವಾಬ್ದಾರಿಯೂ ನನ್ನ ಮೇಲೆ ಬಿತ್ತು.

ರಾಷ್ಟ್ರೀಯ ಫೆಡರೇಷನ್ನಿನವರನ್ನು ನಾನು ಯಾವತ್ತೂ ಕಣ್ಣಾರೆ ಕಂಡಿಲ್ಲ. ಅವರ ಮಾತು ನನಗೆ ತಲುಪುತ್ತಿದ್ದದ್ದು ಫೋನಿನಲ್ಲಿ. ಅವರು ರಾಜ್ಯದವರಿಗೆ ಕಳಿಸುತ್ತಿದ್ದರು, ರಾಜ್ಯದವರು ಜಿಲ್ಲಾ ಸೆಕ್ರೆಟರಿಗೆ, ಸೆಕ್ರೆಟರಿ ನಮ್ಮ ವಾಟ್ಸಾಪ್ ಗ್ರೂಪಿಗೆ. ಇಂಗ್ಲಿಷಿನಲ್ಲಿ ಒಂದು, ಹಿಂದಿಯಲ್ಲಿ ಒಂದು. ನಾನು ಅದನ್ನು ಓದಿ, ಅರ್ಥವಾದಷ್ಟನ್ನು ಕನ್ನಡದಲ್ಲಿ ಹುಡುಗಿಯರಿಗೆ ಹೇಳಿ, ಗಡಿ ಕಡೆಯ ಊರುಗಳ ಮಕ್ಕಳಿಗೆ ಇನ್ನೊಮ್ಮೆ ತೆಲುಗಿನಲ್ಲಿ ಹೇಳುತ್ತಿದ್ದೆ. ಗ್ರೂಪಿನಲ್ಲಿ ಅಡ್ಮಿನ್‌ಗಳು ಮಾತ್ರ ಬರೆಯಬಹುದಿತ್ತು. ನಾವು ನೂರಾರು ಜನ ಓದುವವರು. ಓದಿದ್ದೇವೆಂದು ಅವರಿಗೆ ಗೊತ್ತಾಗುತ್ತಿತ್ತು, ಅಷ್ಟೇ.

ಮೊದಮೊದಲು ಪಂದ್ಯದ ತಾರೀಖು, ನಿಯಮದ ಬದಲಾವಣೆ ಇಂಥವು ಬರುತ್ತಿದ್ದವು. ಬರುಬರುತ್ತಾ ಧಾಟಿ ಬದಲಾಯಿತು. ಒಂದು ಸಲ, ಆಯ್ಕೆಯ ವಿಚಾರವಾಗಿ ಯಾವ ರೆಫರಿಯೂ ಹೊರಗಿನವರ ಜೊತೆ ಮಾತಾಡಕೂಡದು, ಮಾತಾಡಿದರೆ ಶಿಸ್ತುಕ್ರಮ ಎಂದು ಬಂತು. ಯಾರು ಮಾತಾಡಿದ್ದರು, ಏನು ಮಾತಾಡಿದ್ದರು ಎಂಬುದು ಅದರಲ್ಲಿರಲಿಲ್ಲ. ನಾನು ಯಾರೊಂದಿಗೂ ಮಾತಾಡಿರಲಿಲ್ಲವಾದರೂ ಅವತ್ತೆಲ್ಲ ಹಿಂದಿನ ತಿಂಗಳು ಯಾರ ಹತ್ತಿರ ಏನಂದೆ ಎಂದು ನೆನಪಿಸಿಕೊಳ್ಳುತ್ತಲೇ ಇದ್ದೆ.

ಆಮೇಲೆ ಒಂದು ದಿನ ಬಣ್ಣದ ಪೋಸ್ಟರ್ ಬಂತು. ನಗುವ ಹುಡುಗಿಯೊಬ್ಬಳ ಚಿತ್ರ. ಕ್ಯಾಂಪಿನಲ್ಲಿ ನಿಮಗೆ ತೊಂದರೆಯಾಗಿದೆಯೇ, ಹೇಳಿ, ನಾವು ಕೇಳುತ್ತೇವೆ, ನಿಮ್ಮ ವಿವರ ಗುಟ್ಟಾಗಿರುತ್ತದೆ ಎಂದಿತ್ತು. ಕೆಳಗೆ ಒಂದು ಲಿಂಕು. ಮೇಲಿನವರು ನಮ್ಮನ್ನು ಏನಾದರೂ ಕೇಳಿದ್ದು ಅದೇ ಮೊದಲು. ನಾನದನ್ನು ಪ್ರಿಂಟ್ ತೆಗೆಸಿ ಶಾಲೆಯ ಆಟದ ಸಾಮಾನಿನ ಕೋಣೆಯ ಬಾಗಿಲಿಗೆ ಅಂಟಿಸಿದೆ.

ಆ ಬೇಸಿಗೆ ಕಿರಿಯರ ಆಯ್ಕೆ ಕ್ಯಾಂಪು ಮಾಲೂರಿನಲ್ಲಿ ನಡೆಯಿತು. ನಮ್ಮ ಶಾಲೆಯ ಒಬ್ಬ ಹುಡುಗಿಯನ್ನು ಕರೆದುಕೊಂಡು ಹೋಗಿದ್ದೆ. ಹದಿನಾರು ವರ್ಷ. ತಂದೆ ಇಲ್ಲ, ತಾಯಿ ದಿನಾ ಕಂಪನಿ ಬಸ್ಸಿನಲ್ಲಿ ವೇಮಗಲ್ಲಿನ ಫ್ಯಾಕ್ಟರಿಗೆ ಹೋಗಿ ಬರುವವರು. ರೈಡಿಗೆ ಹೋದರೆ ಆ ಹುಡುಗಿಯ ಕಾಲು ಎಲ್ಲಿ ಬಿತ್ತು ಎಂದು ಎದುರಿನವರಿಗೆ ತಿಳಿಯುವಷ್ಟರಲ್ಲಿ ವಾಪಸ್ಸು ಬಂದಿರುತ್ತಿದ್ದಳು. ಆದರೆ ಕಿರಿಯರ ತಂಡಕ್ಕೆ ತೂಕದ ಮಿತಿ ಇದೆ. ಇವಳು ಒಂದೂವರೆ ಕೆಜಿ ಜಾಸ್ತಿ ಇದ್ದಳು. ತೂಕ ನೋಡಲು ಮೂರು ದಿನ ಉಳಿದಿತ್ತು.

ಕ್ಯಾಂಪಿನ ಕೋಚ್ ಐವತ್ತರ ಆಸುಪಾಸಿನವರು. ಅವರು ದನಿ ಎತ್ತಿದ್ದನ್ನು ನಾನು ಕೇಳಿಲ್ಲ. ಅವರು ಹತ್ತಿರ ಬಂದರೆ ಹುಡುಗಿಯರ ಮಾತು ನಿಲ್ಲುತ್ತಿತ್ತು.

ಎರಡನೇ ದಿನ ಮಧ್ಯಾಹ್ನ, ಸುಡುಬಿಸಿಲಿನಲ್ಲಿ, ನಾಲ್ವರು ಹುಡುಗಿಯರು ಸ್ವೆಟರು ತೊಟ್ಟು ಅದರ ಮೇಲೆ ಪ್ಲಾಸ್ಟಿಕ್ ಮಳೆಕೋಟು ಹಾಕಿಕೊಂಡು ಮೈದಾನ ಸುತ್ತುತ್ತಿದ್ದರು. ನಮ್ಮವಳೂ ಇದ್ದಳು. ಏನಿದು ಎಂದು ಕೋಚನ್ನು ಕೇಳಿದೆ.

"ಬೆವರು ಹೋಗ್ಲಿ ಮೇಡಂ. ತೂಕ ಇಳೀಬೇಕಲ್ಲ."

"ನೀರು ಕೊಡ್ತಾ ಇದೀರಾ ಸಾರ್?"

"ತೂಕ ಆದ್ಮೇಲೆ ಎಷ್ಟ್ ಬೇಕಾದ್ರೂ ಕುಡೀಲಿ. ಯಾರು ಬ್ಯಾಡ ಅಂತಾರೆ?"

ಕುಡಿಯುವ ನೀರಿನ ಫಿಲ್ಟರ್ ಇದ್ದ ಕೋಣೆಗೆ ಬೀಗ ಹಾಕಿತ್ತು. ಬೀಗದ ಕೈ ಅವರ ಜೇಬಿನಲ್ಲಿತ್ತು.

ಹುಡುಗಿಯರು ಮಲಗುವ ಹಾಲಿಗೆ ಹೋದೆ. ನಮ್ಮವಳು ಗೋಡೆಗೆ ಒರಗಿ ಕೂತು, ಸ್ಟೀಲ್ ಲೋಟವೊಂದನ್ನು ಮಂಡಿಗಳ ನಡುವೆ ಇಟ್ಟುಕೊಂಡು ಅದರೊಳಗೆ ಉಗುಳುತ್ತಿದ್ದಳು. ಉಗುಳಲು ಬಾಯಲ್ಲಿ ಏನೂ ಉಳಿದಿರಲಿಲ್ಲ. ಸುಮ್ಮನೆ ತುಟಿ ಆಡಿಸುತ್ತಿದ್ದಳು.

"ಏನೇ ಇದು?"

"ಎಂಜಲು ಉಗುಳಿದ್ರೂ ಇಳೀತದಂತೆ ಮೇಡಂ. ಸಾರ್ ಹೇಳಿದ್ರು."

ನನ್ನ ಬಾಟಲಿ ತೆಗೆದು ಕೊಟ್ಟೆ. ಅವಳು ಮೊದಲು ಬಾಗಿಲ ಕಡೆ ನೋಡಿದಳು. ಆಮೇಲೆ ಬಾಟಲಿಯನ್ನು ನನ್ನ ಕಡೆಗೇ ತಳ್ಳಿದಳು. "ಬ್ಯಾಡ ಮೇಡಂ. ಕುಡಿದ್ರೆ ಮಿಷನ್ನಲ್ಲಿ ಗೊತ್ತಾಗ್ಬಿಡ್ತದೆ."

ಅವತ್ತೇ ಅವಳನ್ನು ಬಸ್ಸು ಹತ್ತಿಸಿಕೊಂಡು ಊರಿಗೆ ಬರಬೇಕಿತ್ತು. ಬರಲಿಲ್ಲ. ತಂಡಕ್ಕೆ ಸೇರಿದರೆ ಅವಳ ದಾರಿ ತೆರೆಯುತ್ತದೆ, ಇನ್ನೆರಡು ದಿನ ತಾನೇ ಎಂದುಕೊಂಡೆ. ಅದಕ್ಕೆ ಈಗಲೂ ನನ್ನನ್ನು ನಾನು ಕ್ಷಮಿಸಿಕೊಂಡಿಲ್ಲ.

ತೂಕದ ದಿನ ಬೆಳಿಗ್ಗೆ ಅವಳು ಮಿಷನ್ನಿನ ಮೇಲೆ ನಿಂತಳು. ಮಿತಿಗೆ ಸರಿಯಾಗಿ ಬಂತು. ಕೋಚ್ ತಲೆಯಾಡಿಸಿದರು. ಇಳಿದು ನಾಲ್ಕು ಹೆಜ್ಜೆ ನಡೆದವಳು ಹಾಗೇ ಕುಸಿದಳು. ಕಣ್ಣು ತೆರೆದೇ ಇತ್ತು, ಮಾತು ಹೊರಡುತ್ತಿರಲಿಲ್ಲ. ಆಟೋದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಹೋದೆವು. ಡ್ರಿಪ್ ಹಾಕುತ್ತಾ ಡಾಕ್ಟರು, "ಇವಳು ನೀರು ಕುಡಿದು ಎಷ್ಟು ದಿನ ಆಯ್ತು?" ಎಂದರು. ನಾನು ಬಾಯಿ ತೆರೆಯುವಷ್ಟರಲ್ಲಿ ಬೆನ್ನ ಹಿಂದಿನಿಂದ ಕೋಚ್ ಉತ್ತರ ಕೊಟ್ಟರು. "ಬಿಸಿಲು ಸಾರ್. ಬಿಸಿಲು ಜಾಸ್ತಿ."

ಆಯ್ಕೆಯ ಪಟ್ಟಿಯಲ್ಲಿ ಅವಳ ಹೆಸರು ಮೊದಲನೆಯದಾಗಿತ್ತು.

ಊರಿಗೆ ಬಂದ ಮೇಲೆ ಭಾನುವಾರ ಕೂತು ಆ ಲಿಂಕನ್ನು ತೆರೆದೆ. ಗೊತ್ತಿದ್ದ ಇಂಗ್ಲಿಷಿನಲ್ಲಿ ನಡೆದದ್ದೆಲ್ಲ ಬರೆದೆ. ಹುಡುಗಿಯ ಹೆಸರು, ಊರು, ತಾಯಿಯ ಹೆಸರು ಕೇಳಿತ್ತು, ತುಂಬಿದೆ. ಅವಳನ್ನು ಕೇಳಲಿಲ್ಲ. ಗುಟ್ಟಾಗಿರುತ್ತದೆ ಎಂದು ಬರೆದಿತ್ತಲ್ಲ, ಅದನ್ನೇ ನಂಬಿದೆ. ದೂರು ತಲುಪಿದೆ, ನಿಮ್ಮ ಮಾತು ನಮಗೆ ಅಮೂಲ್ಯ ಎಂದು ತಕ್ಷಣವೇ ಉತ್ತರ ಬಂತು. ಜೊತೆಗೊಂದು ಉದ್ದನೆಯ ಸಂಖ್ಯೆ.

ಆಮೇಲೆ ಏನೂ ಇಲ್ಲ. ಶಾಲೆ ಶುರುವಾಯಿತು. ಮಾವಿನ ಲಾರಿಗಳ ಓಡಾಟ ಮುಗಿಯಿತು. ದಿನಾ ಆ ಸಂಖ್ಯೆ ಹಾಕಿ ನೋಡುತ್ತಿದ್ದೆ, "ಪರಿಶೀಲನೆಯಲ್ಲಿದೆ" ಎನ್ನುತ್ತಿತ್ತು. ಜಿಲ್ಲಾ ಪಂದ್ಯದ ರೆಫರಿಗಳ ಪಟ್ಟಿ ಬಂದಾಗ ಅದರಲ್ಲಿ ನನ್ನ ಹೆಸರಿರಲಿಲ್ಲ. ಸೆಕ್ರೆಟರಿಗೆ ಫೋನ್ ಮಾಡಿದರೆ, "ಲಿಸ್ಟು ಮೇಲಿಂದ ಬಂದದ್ದು ಮೇಡಂ, ನಂದೇನಿಲ್ಲ" ಎಂದರು. ಪಂದ್ಯ ನೋಡಲೆಂದು ಕೋಲಾರಕ್ಕೆ ಹೋದೆ. ವರ್ಷಗಟ್ಟಲೆ ಜೊತೆಯಲ್ಲಿ ಸೀಟಿ ಊದಿದವರು ನನ್ನನ್ನು ಕಂಡು ಟೀ ಲೋಟ ಹಿಡಿದುಕೊಂಡು ಆಚೆ ಬೆಂಚಿಗೆ ಎದ್ದು ಹೋದರು. ಅವರಿಗೆ ಏನೋ ಗೊತ್ತಿತ್ತು. ಏನೆಂದು ನನಗೆ ಗೊತ್ತಿರಲಿಲ್ಲ.

ಒಂದು ವಾರ ಕಳೆದು ಸೆಕ್ರೆಟರಿಯೇ ಫೋನ್ ಮಾಡಿದರು. "ಒಂದ್ ಸಲ ಆಫೀಸ್ ಕಡೆ ಬಂದು ಹೋಗಿ ಮೇಡಂ. ಸಣ್ಣ ವಿಷಯ."

ಹೋದಾಗ ಕೋಣೆಯಲ್ಲಿ ಅವರ ಪಕ್ಕ ಕೋಚ್ ಕೂತಿದ್ದರು. ಮೇಜಿನ ಮೇಲೆ ನಾನು ಬರೆದ ದೂರಿನ ಪ್ರಿಂಟ್ ಇತ್ತು. ನನ್ನ ಹೆಸರು, ಫೋನ್ ನಂಬರು, ಹುಡುಗಿಯ ಹೆಸರು, ಊರು ಎಲ್ಲದರ ಕೆಳಗೂ ಯಾರೋ ಪೆನ್ನಿನಲ್ಲಿ ಗೆರೆ ಎಳೆದಿದ್ದರು. ಮೇಲ್ತುದಿಯಲ್ಲಿ ಅದು ಇಳಿದುಬಂದ ಮೆಟ್ಟಿಲುಗಳು ಒಂದರ ಕೆಳಗೊಂದು ಕಾಣುತ್ತಿದ್ದವು. ರಾಷ್ಟ್ರದಿಂದ ರಾಜ್ಯಕ್ಕೆ, ರಾಜ್ಯದಿಂದ ಜಿಲ್ಲೆಗೆ, ಜಿಲ್ಲೆಯಿಂದ ಆಯ್ಕೆ ಸಮಿತಿಯ ಸಂಚಾಲಕರಿಗೆ. ಸಂಚಾಲಕರೆಂದರೆ ಆ ಕೋಚೇ. ಎಲ್ಲರೂ ಒಂದೇ ಸಾಲು ಬರೆದಿದ್ದರು: ಸೂಕ್ತ ಕ್ರಮಕ್ಕಾಗಿ.

ಕೋಚ್ ಕನ್ನಡಕ ಹಾಕಿಕೊಂಡು ನನ್ನ ಇಂಗ್ಲಿಷನ್ನು ನಿಧಾನವಾಗಿ, ಗಟ್ಟಿಯಾಗಿ ಓದಿದರು. ಒಂದು ಕಡೆ ನಿಲ್ಲಿಸಿ, "ಇಲ್ಲಿ ಸ್ಪೆಲ್ಲಿಂಗ್ ತಪ್ಪಾಗಿದೆ ಮೇಡಂ" ಎಂದರು. ಪೂರ್ತಿ ಓದಿ ಮುಗಿಸಿ ಕಾಗದವನ್ನು ಮಡಿಸಿ ನನ್ನ ಮುಂದಿಟ್ಟರು.

ಸೆಕ್ರೆಟರಿ ಇನ್ನೊಂದು ಹಾಳೆ ಸರಿಸಿದರು. ವಿಷಯ ಇತ್ಯರ್ಥವಾಗಿದೆ, ದೂರುದಾರರಿಗೆ ಸಮಾಧಾನವಾಗಿದೆ ಎಂದು ಅದರಲ್ಲಿತ್ತು. "ಒಂದ್ ಸೈನ್ ಹಾಕ್ಬಿಡಿ ಮೇಡಂ. ಮೇಲಕ್ಕೆ ಕಳಿಸ್ಬೇಕು."

"ಹುಡುಗಿ ತಾಯೀನ ಒಂದ್ ಮಾತು ಕೇಳ್ಬೇಕು ಸಾರ್," ಎಂದೆ.

ಕೋಚ್ ಕನ್ನಡಕ ತೆಗೆದರು. "ಕೇಳಿದೀವಲ್ಲ. ನಿನ್ನೆ ಮನೇಗ್ ಹೋಗಿದ್ವಿ. ಪಾಪ, ಒಳ್ಳೆ ಜನ. ಬಸ್ ಸ್ಟಾಪಿಂದ ಮನೇವರ್ಗೂ ಆ ಮಗು ಒಂದೇ ನಡ್ಕೊಂಡು ಬರ್ತದಂತೆ. ಸಂಜೆ ಹೊತ್ತು ಜನ ಇರಲ್ಲ ಆ ದಾರೀಲಿ. ಸ್ವಲ್ಪ ಜೋಪಾನ ಅಂತ ಹೇಳಿ ಬಂದ್ವಿ."

ಅದನ್ನು ಎಷ್ಟು ಮೆಲ್ಲಗೆ ಹೇಳಿದರೆಂದರೆ, ಹೊರಗೆ ನಿಂತವರು ಕೇಳಿದ್ದರೆ ಕಾಳಜಿ ಎಂದುಕೊಳ್ಳುತ್ತಿದ್ದರು. ನಾನು ಸಹಿ ಹಾಕದೆ ಎದ್ದು ಬಂದೆ.

ಕೋಲಾರದಿಂದ ಶ್ರೀನಿವಾಸಪುರಕ್ಕೆ, ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು ಹುಡುಗಿಯ ಮನೆಗೆ ಹೋದೆ. ಅವತ್ತು ತಾಯಿಗೆ ವಾರದ ರಜೆ. ಬಾಗಿಲಲ್ಲೇ ನಿಂತು ನನ್ನ ಮುಖ ನೋಡಿದರು.

"ಏಮ್ ಮೇಡಂ, ಮಳ್ಳೀ ಇನ್ನೊಂದು ಫಾರಂ ಬಂತಾ?"

"ಯಾವ ಫಾರಂ ಅಮ್ಮ?"

"ನಿನ್ನೆ ಕಾರಲ್ಲಿ ಬಂದು ಸೈನ್ ಹಾಕಿಸ್ಕೊಂಡು ಹೋದ್ರಲ್ಲ. ನೀವೇ ಕಳಿಸಿದ್ದು ಅಂದ್ರು. ಟೀಮಿನ ಫಾರಂ ಅಂದ್ರು. ಆಪಲ್ ಬೇರೆ ತಂದಿದ್ರು."

ಅವರು ಸಹಿ ಹಾಕಿದ್ದ ಹಾಳೆ ಇಂಗ್ಲಿಷಿನಲ್ಲಿತ್ತಂತೆ. ಏನೆಂದು ಯಾರೂ ಓದಿ ಹೇಳಿರಲಿಲ್ಲ. ನಾನು ನಡೆದದ್ದೆಲ್ಲ ಹೇಳಿದೆ: ಮಳೆಕೋಟು, ಬೀಗ ಹಾಕಿದ ನೀರು, ಆಸ್ಪತ್ರೆ, ನಾನು ಬರೆದ ದೂರು. ತಾಯಿಗೆ ಅದ್ಯಾವುದೂ ಗೊತ್ತಿರಲಿಲ್ಲ. ಮಗಳು ಬಾಯಿ ಬಿಟ್ಟಿರಲಿಲ್ಲ, ಕೆಲಸಕ್ಕೆ ಹೋಗುವ ತಾಯಿ ಗಾಬರಿಯಾದಾರೆಂದು ನಾನೂ ಹೇಳಿರಲಿಲ್ಲ. ಅವರು ಹೊಸ್ತಿಲ ಮೇಲೆ ಕೂತುಬಿಟ್ಟರು.

ಹುಡುಗಿ ಒಳಗಿನಿಂದ ಬಂದಳು. "ಯಾಕ್ ಬರೆದ್ರಿ ಮೇಡಂ? ನಾನು ಬರೀರಿ ಅಂದ್ನಾ?"

"ನಿನ್ನ ಒಳ್ಳೇದಕ್ಕೇ ಕಣೇ."

"ನನ್ನ ಹೆಸ್ರು ಯಾಕ್ ಬರೆದ್ರಿ? ಈಗ ಎಲ್ಲಾರ್ಗೂ ಗೊತ್ತು. ಟೀಮಿನ ಹುಡ್ಗೀರು ನನ್ನ ನೋಡಿದ್ರೆ ಸೈಡಿಗೆ ಹೋಗ್ತಾರೆ."

ಅವಳು ಹೇಳಿದ್ದು ನಿಜ.

ಎರಡು ದಿನದ ನಂತರ ಗ್ರೂಪಿನಿಂದ ನನ್ನನ್ನು ತೆಗೆದರು. ಫೆಡರೇಷನ್ನಿನ ವೆಬ್‌ಸೈಟಿನಲ್ಲಿ ನನ್ನ ರೆಫರಿ ಸಂಖ್ಯೆಯ ಎದುರು "ಚಾಲ್ತಿಯಲ್ಲಿಲ್ಲ" ಎಂದು ಬಂತು. ದೂರಿನ ಸಂಖ್ಯೆ ಹಾಕಿ ನೋಡಿದೆ: ಮುಕ್ತಾಯವಾಗಿದೆ, ದೂರುದಾರರಿಗೆ ಸಮಾಧಾನವಾಗಿದೆ. ನಾನು ಸಹಿ ಹಾಕಿರಲಿಲ್ಲ. ರಾಷ್ಟ್ರೀಯ ಕಚೇರಿಗೆ ಎರಡು ರಿಜಿಸ್ಟರ್ಡ್ ಪತ್ರ ಬರೆದೆ. ತಲುಪಿದ ರಸೀದಿ ವಾಪಸ್ಸು ಬಂತು, ಉತ್ತರ ಬರಲಿಲ್ಲ.

ಆಯ್ಕೆಯಾದವರಿಗೆ ಮುಂದಿನ ಕ್ಯಾಂಪು ಮುಳಬಾಗಿಲಿನಲ್ಲಿ, ಅಲ್ಲಿ ಮತ್ತೆ ತೂಕ ನೋಡುತ್ತಾರೆ. ಹುಡುಗಿ ಹಟ ಹಿಡಿದು ಹೋದಳು. ತಾಯಿ ಮೂರು ದಿನ ರಜೆ ಹಾಕಿ, ದೊಡ್ಡದೊಂದು ನೀರಿನ ಕ್ಯಾನು ಹೊತ್ತುಕೊಂಡು ಮಗಳ ಹಿಂದೆಯೇ ಹೋದರು. ಕ್ಯಾಂಪಿನೊಳಗೆ ಪೋಷಕರಿಗೆ ಅವಕಾಶವಿಲ್ಲ, ಸರ್ಕ್ಯುಲರ್ ಬಂದಿದೆ ಎಂದು ಕೋಚ್ ತೋರಿಸಿದರಂತೆ. "ನಾಕು ಚದುವು ರಾದು ಸಾರ್, ನಂಗೆ ಓದಕ್ಕೆ ಬರಲ್ಲ. ಅದುಕ್ಕೇ ಇಲ್ಲೇ ಕೂತಿರ್ತೀನಿ," ಎಂದು ಇವರು ಅಂಕಣದ ಪಕ್ಕ ಮರದ ಕೆಳಗೆ ಕೂತರಂತೆ. ಮೂರು ದಿನ ಕೂತರು. ಹುಡುಗಿಯರು ಬಂದು ನೀರು ಕುಡಿದು ಹೋದರು. ಯಾರೂ ತಡೆಯಲಿಲ್ಲ. ತೂಕದಲ್ಲಿ ಇವರ ಮಗಳು ಆರುನೂರು ಗ್ರಾಂ ಜಾಸ್ತಿ ಬಂದಳು, ಮನೆಗೆ ಕಳಿಸಿದರು.

ಹುಡುಗಿ ತಾಯಿಯ ಜೊತೆ ಒಂದು ತಿಂಗಳು ಮಾತು ಬಿಟ್ಟಳು. ನನ್ನ ಜೊತೆ ಈಗಲೂ ಅಷ್ಟಕ್ಕಷ್ಟೇ. ಪಿಯುಸಿ ಓದುತ್ತಿದ್ದಾಳೆ, ಕಾಲೇಜಿನ ತಂಡದಲ್ಲಿ ಆಡುತ್ತಾಳೆ. ತಾಯಿ ದಿನಾ ಸಂಜೆ ಬಸ್ ಸ್ಟಾಪಿಗೆ ಹೋಗಿ ಕಾಯುತ್ತಾರೆ.

ಈ ವರ್ಷ ಇನ್ನೊಬ್ಬ ಶಿಕ್ಷಕಿ ತಮ್ಮ ಫೋನಿನಲ್ಲಿ ಹೊಸ ಸರ್ಕ್ಯುಲರ್ ತೋರಿಸಿದರು. ದೂರುಗಳು ಬೇಗ ಇತ್ಯರ್ಥವಾಗಲೆಂದು ರಾಷ್ಟ್ರೀಯ ಫೆಡರೇಷನ್ ಪ್ರತಿ ಜಿಲ್ಲೆಗೂ ಒಬ್ಬ ಆಟಗಾರರ ಸುರಕ್ಷತಾ ಅಧಿಕಾರಿಯನ್ನು ನೇಮಿಸಿದೆ. ಯಾವ ಸಂಕೋಚವೂ ಇಲ್ಲದೆ ಕರೆ ಮಾಡಿ ಎಂದಿತ್ತು. ನಮ್ಮ ಜಿಲ್ಲೆಯ ಎದುರು ಇದ್ದದ್ದು ಆ ಕೋಚಿನ ಹೆಸರು ಮತ್ತು ನಂಬರು.

ಹೋದ ತಿಂಗಳು ಶಾಲೆಯ ಊಟದ ಬಿಡುವಿನಲ್ಲಿ ಗೊತ್ತಿಲ್ಲದ ನಂಬರಿನಿಂದ ಫೋನ್ ಬಂತು. ಹೆಂಗಸಿನ ದನಿ. ಕುರುಡುಮಲೆ ಕಡೆಯ ಶಾಲೆಯ ಪಿಟಿ ಮೇಡಂ ಎಂದರು. ಅವರ ಹುಡುಗಿಯೊಬ್ಬಳಿಗೆ ಕ್ಯಾಂಪಿನಲ್ಲಿ ಏನೋ ಆಗಿದೆಯಂತೆ. "ನೀವು ಒಂದ್ ಸಲ ಆ ಫಾರಂ ತುಂಬಿದ್ರಂತಲ್ಲ ಮೇಡಂ. ತುಂಬ್ಲಾ ಬೇಡ್ವಾ ಅಂತ ಕೇಳೋಣ ಅಂತ."

"ನನ್ನ ನಂಬರ್ ಯಾರ್ ಕೊಟ್ರು?" ಎಂದೆ.

ಹಿನ್ನೆಲೆಯಲ್ಲಿ ಯಾರೋ ಗಂಡಸು ಕೆಮ್ಮಿದ ಸದ್ದು ಕೇಳಿತು. ಸ್ಟಾಫ್ ರೂಮಿನಲ್ಲಿ ಯಾರಾದರೂ ಕೆಮ್ಮಬಹುದು. ಆದರೆ ನನಗೆ ಆ ಕೋಚಿನ ನೆನಪಾಯಿತು.

"ನಂಗೆ ಆ ಫಾರಂ ಬಗ್ಗೆ ಏನೂ ಗೊತ್ತಿಲ್ಲ," ಎಂದು ಫೋನ್ ಇಟ್ಟೆ.

ಮಾರನೇ ದಿನ ಮನಸ್ಸು ತಡೆಯದೆ ಅದೇ ನಂಬರಿಗೆ ವಾಪಸ್ ಮಾಡಿದೆ. ಫಾರಂ ತುಂಬುವ ಮೊದಲು ಹುಡುಗಿಯನ್ನು ಕೇಳಿ, ಅವಳ ತಾಯಿಯನ್ನು ಕೂರಿಸಿಕೊಂಡು ಓದಿ ಹೇಳಿ ಎಂದು ತಿಳಿಸಬೇಕಿತ್ತು. ರಿಂಗ್ ಆಯಿತು, ಎತ್ತಲಿಲ್ಲ. ವಾರಪೂರ್ತಿ ಮಾಡಿದೆ. ಈಗ ಆ ನಂಬರು ಸ್ವಿಚ್ ಆಫ್ ಎಂದು ಬರುತ್ತದೆ.