ಸಾಯಿರಾ ಟೀಚರ್ ಹಾಕಿದ ಸುಣ್ಣದ ಗೆರೆ

“ಇದು ಖಾಲಿ ಮಡ್ಡಿ ಅಂತ ತಿಳೀಬ್ಯಾಡ್ರಿ. ಕಲ್ಲು ಕಲ್ಲಿಗೂ ಯಾರದೋ ಮನಿ ಐತಿ,” ಎಂದು ಎರಡನೆಯ ತರಗತಿಯವರಿಗೆ ಹೇಳುತ್ತಾ ಸಾಯಿರಾ ಟೀಚರ್ ಕುಳಿತದ್ದು ಇರುವೆ ಗೂಡಿನ ಮೇಲೆ. ಎದ್ದು ಕುಣಿದ ಕುಣಿತಕ್ಕೆ ಮಕ್ಕಳು ಚಪ್ಪಾಳೆ ತಟ್ಟಿದರು.

“ಬಾಗ್ಲಾ ಬಡೀದ ಒಳಗ ಹೋದ್ರೆಲ್ರೀ ಟೀಚರ್!” ಎಂದಳು ಅವರಲ್ಲೊಬ್ಬಳು, ಸೌಭಾಗ್ಯ.

ಇಬ್ರಾಹಿಂಪುರದಿಂದ ಬಸ್ಸು ಹಿಡಿದು ತಿಕೋಟಾ ಹತ್ತಿರದ ಸಾಲೆಗೆ ಬರುವ ಸಾಯಿರಾ, ಹನ್ನೊಂದು ವರ್ಷಗಳಿಂದ ಶನಿವಾರ ಮಕ್ಕಳನ್ನು ಊರಾಚೆಯ ಕಲ್ಲುನೆಲದ ಮಡ್ಡಿಗೋ ಹಳ್ಳಕ್ಕೋ ಕರೆದೊಯ್ಯುತ್ತಾರೆ. ಪುಸ್ತಕದ ಹಕ್ಕಿ ಕೂಗುವುದಿಲ್ಲ ಎಂಬುದು ಅವರ ತಕರಾರು.

ಅಂದು ಇರುವೆ ಕೊಡವುತ್ತಾ ಸರಿದಾಗ, ಹರಳುಗಳ ನಡುವೆ, ನೆಲದಲ್ಲೇ ಗೂಡು ಮಾಡುವ ಟಿಟ್ಟಿಭ ಹಕ್ಕಿಯ ನಾಲ್ಕು ಮೊಟ್ಟೆ ಕಂಡವು. ಹರಳಿನದೇ ಬಣ್ಣ. ತಾಯಿಹಕ್ಕಿ ತಲೆಯ ಮೇಲೆ ಕಿರುಚುತ್ತಿತ್ತು. ಈ ಹಕ್ಕಿ ‘ಡಿಡ್ ಯೂ ಡು ಇಟ್?’ ಎಂದು ಕೇಳುತ್ತದೆಂದು ಕಾನ್ವೆಂಟುಗಳಲ್ಲಿ ಕಲಿಸುತ್ತಾರೆ. ಮಾಡಿದ್ದು ನೀನೇನಾ, ಎಂದು.

ಪಾಠಕ್ಕಿಂತ ಪಾದ ಮುಂದೆ ಹೋಗುವ ವಯಸ್ಸಿನ ಮಕ್ಕಳು. ತುಳಿದಾರೆಂದು ಟೀಚರ್ ಸಾಲೆಗೆ ಹೋಗಿ, ಆಟದ ಮಾಸ್ತರ ಈರಯ್ಯನವರಿಂದ ಖೋ-ಖೋ ಅಂಕಣದ ಸುಣ್ಣದ ಪುಡಿ ತಂದು ಮೊಟ್ಟೆಗಳ ಸುತ್ತ ದುಂಡನೆಯ ಗೆರೆ ಹಾಕಿದರು. ಸುಣ್ಣದ ಗೆರೆ ಬಿದ್ದರೆ ಎಲ್ಲವೂ ಶಿಸ್ತಿಗೆ ಬರುತ್ತದೆಂಬುದು ಸಾಲೆಯವರ ನಂಬಿಕೆ.

ಮುಂದಿನ ಶನಿವಾರ ಗೆರೆ ಹಾಗೇ ಇತ್ತು. ಒಂದು ಮಗುವೂ ದಾಟಿರಲಿಲ್ಲ. ಕಾಗೆಗಳು ಮಾತ್ರ ಸಾಲೆ ಕಲಿತವಲ್ಲ. ಅವಕ್ಕೆ ಅದು ತಾಟಿನ ಅಂಚಿನಂತೆ ಕಂಡಿತ್ತು. ಒಳಗೆ ಬರೀ ಚಿಪ್ಪಿನ ಚೂರು, ಆಚೆ ಎರಡು ಕಾಗೆ. ಮಕ್ಕಳಿಗಿಂತ ಮುಂದೆ ನಡೆದಿದ್ದ ಟೀಚರ್, ಅವರಿಗೆ ಕಾಣದಂತೆ ಚೂರುಗಳ ಮೇಲೆ ಚಪ್ಪಲಿ ಊರಿ ನಿಂತರು.

“ತತ್ತಿ ಎಲ್ಲಿ ಹೋದೂರಿ ಟೀಚರ್?” ಎಂದಳು ಸೌಭಾಗ್ಯ.

“ಮರಿ ಆಗಿ ಹಾರಿ ಹೋಗ್ಯಾವವ್ವ.”

ಸೋಮವಾರ ಸೌಭಾಗ್ಯ ನೋಟಬುಕ್ಕಿನಲ್ಲಿ ನಾಲ್ಕು ಮರಿ ಹಾರಿಸಿ ತಂದಳು. ಟೀಚರ್ ಕೆಂಪು ಪೆನ್ನಿನಲ್ಲಿ ‘ಸರಿ’ ಎಂದು ಬರೆದರು. ಆ ‘ಸರಿ’ ಅವರನ್ನು ಇರುವೆಗಿಂತ ಹೆಚ್ಚು ಕಚ್ಚಿತು. ನಿಜ ಹೇಳಬೇಕೆಂದು ಪ್ರತಿ ಶನಿವಾರ ಬಾಯಿ ತೆರೆದರು. ಪ್ರತಿ ಸಲವೂ ಬೇರೇನೋ ಹೇಳಿ ಮುಚ್ಚಿದರು. ಆದರೆ ಗೂಡು ಕಂಡರೆ ಐವತ್ತು ಹೆಜ್ಜೆ ದೂರ ಮಕ್ಕಳನ್ನು ಕೂಡಿಸತೊಡಗಿದರು. ಸಾಲೆಯ ಸಿಬ್ಬಂದಿ ಇದನ್ನು ದೂರಶಿಕ್ಷಣ ಎಂದು ಕರೆದು ನಕ್ಕರು.

ಸುದ್ದಿ ಬಬಲೇಶ್ವರದವರೆಗೂ ಹೋಗಿ, ಅಲ್ಲಿಂದ ಶಿಕ್ಷಣ ಇಲಾಖೆಯ ಚೇತನಕುಮಾರ ಎಂಬ ಸಾಹೇಬರು ನೋಡಲು ಬಂದರು. ಮಡ್ಡಿಯಲ್ಲಿ ಮಕ್ಕಳು ಸದ್ದಿಲ್ಲದೆ ಸಾಲಾಗಿ ಕುಳಿತಿದ್ದರು. ಮೇಲೆ ಟಿಟ್ಟಿಭ ಅದೇ ಪ್ರಶ್ನೆ ಕೇಳುತ್ತಿತ್ತು.

“ಭಾಳ ಚಲೋ ಪದ್ಧತಿ ಮೇಡಂ! ಯಾವ ತರಬೇತಿಯೊಳಗ ಕಲತ್ರಿ ಇದನ್ನ?”

ಸಾಯಿರಾ ಸಾಹೇಬರನ್ನು ನೋಡಲಿಲ್ಲ, ಸೌಭಾಗ್ಯಳನ್ನು ನೋಡಿದರು.

“ತರಬೇತಿ ಅಲ್ರೀ ಸರ್. ಆವತ್ತ ಗೂಡಿನ ಸನೇಕ ಹೋಗಿ ಸುಣ್ಣಾ ಹಾಕಿದ್ನಿ, ಆ ಗೆರಿ ನೋಡಿ ನಾಕೂ ತತ್ತಿ ಕಾಗಿ ತಿಂದ್ವು. ಹಾರ್ಯಾವು ಅಂತ ಈ ಮಕ್ಕಳಿಗೆ ಸುಳ್ಳ ಹೇಳೇನಿ.”