ಕಂಪ್ಯೂಟರಿಗೆ ಆಯುಧಪೂಜೆ

ಕೆಟ್ಟು ನಿಂತ ಯಂತ್ರದ ಮುಂದೆ ಮನುಷ್ಯನಿಗೆ ಬರುವಷ್ಟು ಬುದ್ಧಿ ಬೇರೆಲ್ಲೂ ಬರುವುದಿಲ್ಲ. ಅದು ಓಡುವಾಗ ಮುಖ ಯಾವುದು, ಬೆನ್ನು ಯಾವುದು ಎಂದು ತಿಳಿಯದವನೂ ನಿಂತ ಕೂಡಲೇ ಪಂಡಿತನಾಗುತ್ತಾನೆ. ನಿಮ್ಮೂರಿನಲ್ಲಿ ಹಾಗಿಲ್ಲವಾದರೆ ನೀವು ಪುಣ್ಯವಂತರು. ದೊಡ್ಡಬಳ್ಳಾಪುರದ ನಮ್ಮ ನೇಕಾರರ ಬೀದಿಯಲ್ಲಂತೂ ಹಾಗೆಯೇ.

ತೊಂಬತ್ತರ ದಶಕದ ಕೊನೆಯಲ್ಲಿ ಚಿಕ್ಕಪ್ಪ ಮನೆಗೊಂದು ಕಂಪ್ಯೂಟರು ತಂದರು. ಲೆಕ್ಕಕ್ಕಲ್ಲ, ಆಟಕ್ಕಲ್ಲ, ಸೀರೆಯ ಅಂಚು-ಸೆರಗಿನ ಡಿಸೈನುಗಳನ್ನು ಕೂಡಿಡಲು. ನಮ್ಮವಷ್ಟೇ ಅಲ್ಲ, ಇಡೀ ಬೀದಿಯ ಮಗ್ಗದವರ ಡಿಸೈನುಗಳೂ ಅದರ ಹೊಟ್ಟೆ ಸೇರಿದ್ದವು. ಬೇಕಾದವರು ಬಂದು ಫ್ಲಾಪಿಗೆ ತುಂಬಿಸಿಕೊಂಡು ಹೋಗುತ್ತಿದ್ದರು.

ಆ ವರ್ಷ ದೀಪಾವಳಿಗೆ ಹೊಸ ಅಂಚಿನ ಸೀರೆ ಕೊಡುವುದಾಗಿ ಚಿಕ್ಕಪ್ಪ ಚಿಕ್ಕಪೇಟೆಯ ಸಾಹುಕಾರರೊಬ್ಬರಿಗೆ ಮಾತು ಕೊಟ್ಟಿದ್ದರು. ಡಿಸೈನು ಇದ್ದದ್ದು ಆ ಪೆಟ್ಟಿಗೆಯೊಳಗೆ ಮಾತ್ರ. ವಿಜಯದಶಮಿಯ ಬೆಳಿಗ್ಗೆ ಸ್ವಿಚ್ಚು ಒತ್ತಿದರೆ ಕಪ್ಪು ತೆರೆಯ ಮೇಲೆ ಡಿಸ್ಕಿನಲ್ಲಿ ದೋಷವಿದೆ ಎಂಬರ್ಥದ ಇಂಗ್ಲಿಷ್ ಸಾಲೊಂದು ಬಂತು. ಆರಿಸಿ ಹಾಕಿದರೂ ಅದೇ ಸಾಲು. ಡಿಸೈನು ಹೋದರೆ ಆರ್ಡರು ಹೋಯಿತು. ಆರ್ಡರು ಹೋದರೆ ಹಬ್ಬದ ಹೊತ್ತಿಗೆ ಮಗ್ಗಗಳು ಸುಮ್ಮನೆ ಕೂರಬೇಕು. ಚಿಕ್ಕಪ್ಪ ಬೆವರತೊಡಗಿದರು.

ಬೀದಿ ಬೆವರಲಿಲ್ಲ, ಮಾತಾಡಿತು. ಎದುರುಮನೆಯ ನಂಜುಂಡಪ್ಪನವರು ಮೂಗಿಗೆ ಟವೆಲು ಅಡ್ಡ ಹಿಡಿದು, ಬಾಗಿಲಲ್ಲೇ ನಿಂತು, "ವೈರಸ್ಸು ಕಣಪ್ಪಾ. ಮಕ್ಕಳನ್ನ ಹತ್ರ ಬಿಡಬೇಡಿ" ಎಂದರು. ಸೂಲಿಬೆಲೆಯಿಂದ ಹಬ್ಬಕ್ಕೆ ಬಂದಿದ್ದ ಚಿಕ್ಕಮ್ಮನ ಅಣ್ಣ, "ನಮ್ಮನೆ ಟಿವೀನೂ ಹಿಂಗೇ ಆಡ್ತಿತ್ತು, ನೋಡ್ತಿರಿ" ಎನ್ನುತ್ತ, ಒದೆಯುವ ಎಮ್ಮೆಗೂ ಯಾರೂ ಕೊಡದಂಥ ಗುದ್ದೊಂದನ್ನು ಅದರ ಬೆನ್ನಿಗೆ ಕೊಟ್ಟರು. ಮೂರನೆಯವರದು ವಾಸ್ತು. ಪೆಟ್ಟಿಗೆ ದಕ್ಷಿಣಕ್ಕೆ ಮುಖ ಮಾಡಿದೆಯಂತೆ! ಸರಿ ಸ್ವಾಮಿ, ಹಬ್ಬದ ಹಿಂದಿನ ದಿನದವರೆಗೆ ಚೆನ್ನಾಗಿಯೇ ಓಡುತ್ತಿತ್ತಲ್ಲ, ಆಗ ಅದರ ಮುಖ ಯಾವ ದಿಕ್ಕಿಗಿತ್ತು? ನಾನು ಕೇಳಿಯೇಬಿಟ್ಟೆ. "ನಿಮ್ಮ ಹುಡುಗನಿಗೆ ಬಾಯಿ ಜಾಸ್ತಿ" ಎಂಬ ಪ್ರಶಸ್ತಿ ಬಂತು.

ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಶೀಲ್ಡು ಗೆದ್ದವನಿಗೆ ಈ ಪ್ರಶಸ್ತಿ ಹೊಸದಲ್ಲ. ನನ್ನ ತೀರ್ಪು ಸ್ಪಷ್ಟವಿತ್ತು: ಡಿಸ್ಕು ಸತ್ತಿದೆ. ಆಧಾರ? ತೆರೆಯೇ ಹೇಳುತ್ತಿದೆಯಲ್ಲ! ಅಷ್ಟರಲ್ಲಿ ಚಿಕ್ಕಮ್ಮ ಸೌಟು ಹಿಡಿದೇ ಅಡುಗೆಮನೆಯಿಂದ ಬಂದರು. "ಪೂಜೆ ಇನ್ನೂ ಕದಲಿಸಿಲ್ಲ, ಅದು ಹೆಂಗಪ್ಪಾ ಹೊರಡುತ್ತೆ?"

ಆಯುಧಪೂಜೆಗೆ ಇಟ್ಟದ್ದನ್ನು ಹೂವು ತೆಗೆದು, ಕೈಮುಗಿದು, ಒಂದಿಷ್ಟು ಕದಲಿಸದೆ ಬಳಸಬಾರದೆಂಬುದು ಶಾಸ್ತ್ರ. ತೆರೆಯ ಪಕ್ಕದ ಪೆಟ್ಟಿಗೆ ಇನ್ನೂ ಚೆಂಡುಹೂವಿನ ಹಾರದಲ್ಲಿ ಮುಖ ಮುಚ್ಚಿಕೊಂಡು ಮದುಮಗನಂತೆ ಕೂತಿತ್ತು. ನಾನು ಚಿಕ್ಕಮ್ಮನಿಗೆ ಕಾಕತಾಲೀಯ ನ್ಯಾಯವನ್ನು ವಿವರಿಸಿದೆ. ಕಾಗೆ ಕೂತ ಗಳಿಗೆಗೇ ತಾಳೆಹಣ್ಣು ಬಿದ್ದ ಮಾತ್ರಕ್ಕೆ ಕಾಗೆಯೇ ಕೆಡವಿತು ಎನ್ನಬಾರದು. ಪೂಜೆಯ ಮರುದಿನ ಯಂತ್ರ ನಿಂತ ಮಾತ್ರಕ್ಕೆ ಪೂಜೆಯಿಂದಲೇ ನಿಂತಿತು ಎನ್ನಲೂಬಾರದು. ತೀರ್ಪುಗಾರರಿದ್ದಿದ್ದರೆ ಬಹುಮಾನ ಖಂಡಿತ.

"ಆಯ್ತು, ಒಸಿ ಪಕ್ಕಕ್ಕೆ ಸರಿಯೋ" ಎಂದು ಚಿಕ್ಕಮ್ಮ ಹಾರ ತೆಗೆದರು. ಅದರ ಮರೆಯಲ್ಲಿದ್ದ ಪುಟ್ಟ ಗುಂಡಿಯನ್ನು ಒತ್ತಿದರು. ಪೆಟ್ಟಿಗೆಯ ಬಾಯಿಂದ ಕುಂಕುಮದ ಬೊಟ್ಟಿಟ್ಟ ಫ್ಲಾಪಿಯೊಂದು ಹೊರಬಂತು!

"ಪೂಜೆ ದಿನ ಮಗ್ಗಾನ ಬರಿದಾಗಿ ಇಡ್ತೀವೇನು? ಒಂದಷ್ಟು ಹಾಸಿನ ನೂಲಾದ್ರೂ ಬಿಟ್ಟಿರ್ತೀವಲ್ವಾ? ಇದರ ಬಾಯೊಂದು ಯಾಕೆ ಖಾಲಿ ಇರಬೇಕು ಅಂತ ನಾನೇ ಹೊಸದೊಂದು ಇಟ್ಟಿದ್ದೆ."

ಚಿಕ್ಕಪ್ಪ ಮತ್ತೆ ಸ್ವಿಚ್ಚು ಒತ್ತಿದರು. ಕಂಪ್ಯೂಟರು ಗೊರಗೊರ ಎಂದು ಎದ್ದು ಕೂತಿತು. ಹೊಸ ಅಂಚು ಇಟ್ಟಲ್ಲೇ ಇತ್ತು.

ನಾನು ಬಿಡುತ್ತೇನೆಯೇ? "ಚಿಕ್ಕಮ್ಮಾ, ಇದರಲ್ಲಿ ದೇವರ ಮಹಿಮೆ ಏನೂ ಇಲ್ಲ. ಇದು ಏಳುವಾಗ ಮೊದಲು ಫ್ಲಾಪೀನ ಓದೋಕೆ ಹೋಗುತ್ತೆ. ಅದರಲ್ಲಿ ಏನೂ ಇಲ್ಲದಿದ್ರೆ ಅಲ್ಲೇ ನಿಂತುಬಿಡುತ್ತೆ. ನೀವು ಪೂಜೆಗೆ ಅಂತ ಇಟ್ರಿ, ನಿಂತಿತು. ಈಗ ತೆಗೆದ್ರಿ, ಹೊರಟಿತು. ಅಷ್ಟೇ!"

"ನಾನೂ ಅಷ್ಟೇ ತಾನೇ ಕಣೋ ಹೇಳಿದ್ದು?"

ತಪ್ಪು ಕಾರಣ ಹೇಳಿ ತಪ್ಪು ಕೆಲಸ ಮಾಡುವವರನ್ನು ಎಷ್ಟು ಮಂದಿಯನ್ನಾದರೂ ಸೋಲಿಸಬಲ್ಲೆ. ತಪ್ಪು ಕಾರಣ ಹೇಳಿ ಸರಿಯಾದ ಕೆಲಸ ಮಾಡುವವರೆದುರು ಯಾವ ವಾದ ಹೂಡಬೇಕೋ ಇನ್ನೂ ಹೊಳೆದಿಲ್ಲ. ಫ್ಲಾಪಿಗಳ ಕಾಲ ಮುಗಿಯುವವರೆಗೂ ನಮ್ಮ ಬೀದಿಯಲ್ಲಿ ಯಾರ ಮನೆಯ ಕಂಪ್ಯೂಟರು ಏಳದಿದ್ದರೂ, ದಸರೆಯಿರಲಿ ಯುಗಾದಿಯಿರಲಿ, ಮೊದಲು ಕೇಳುತ್ತಿದ್ದದ್ದು "ಪೂಜೆ ಕದಲಿಸಿದ್ರಾ?" ಎಂದೇ. ಶುದ್ಧ ಮೂಢನಂಬಿಕೆ. ಸಂಕಟವೆಂದರೆ, ಹೋಗಿ ನೋಡಿದರೆ ಅನೇಕ ಸಲ ಫ್ಲಾಪಿ ಒಳಗೇ ಇರುತ್ತಿತ್ತು.