ಸಾಹೇಬರ ಬಾಯಲ್ಲಿ ಬೆಲ್ಲ

ತಪಾಸಣೆಗೆ ಬಂದು ಜೀಪಿನಿಂದಿಳಿದ ಸಾಹೇಬರ ಕೈಗೆ ನಮ್ಮ ಜೊತೆಗಾರ್ತಿ ಶಾಂತವ್ವ ಬೆಲ್ಲದ ತುಂಡು ಇಟ್ಟೇಬಿಟ್ಟಳು! ಸಿಂದಗಿ-ಆಲಮೇಲ ರಸ್ತೆಯ ಬರಗಾಲ ಕಾಮಗಾರಿಯಲ್ಲಿ ಕಲ್ಲು ಒಡೆಯುತ್ತಿದ್ದ ನಾವೆಲ್ಲ ಸುತ್ತಿಗೆ ಕೆಳಗಿಟ್ಟೆವು. ನಮಗೆ ಕುಡಿಯುವ ನೀರು ಒದಗಿಸುವುದು ಸರಕಾರದೊಂದಿಗೆ ಗುತ್ತೇದಾರ ಮಾಡಿಕೊಂಡ ಕರಾರು. ಈ ತಪಾಸಣೆಗೆಂದೇ ಅವನು ಅಂದು ಬೆಳಿಗ್ಗೆಯಷ್ಟೇ ಹಂದರದಡಿ ಹೊಸ ಗಡಿಗೆಗಳನ್ನು ಇಡಿಸಿದ್ದ.

"ಬಂದವ್ರಿಗೆ ಬೆಲ್ಲಾ-ನೀರು ಕೊಡೂದು ನಮ್ಮ ಪದ್ಧತಿರೀ. ಬೆಲ್ಲಾ ನಮ್ದು, ನೀರು ಗುತ್ತೇದಾರ್ರದು!" ಎಂದಳು ಶಾಂತವ್ವ.

ಬೆಲ್ಲ ಬಾಯಿಗೆ ಹಾಕಿಕೊಂಡ ಸಾಹೇಬರು ನೀರಿಗೆ ಕೈಚಾಚಿದರು. ಗುತ್ತೇದಾರ ಕದಲಲಿಲ್ಲ. ಸಾಹೇಬರೇ ಹೋಗಿ ಗಡಿಗೆಗಳ ಮುಚ್ಚಳ ತೆಗೆದರೆ, ಒಂದರಲ್ಲೂ ಹನಿ ನೀರಿಲ್ಲ! "ನೀರು ಬರೂತನಾ ನಾನೂ ಇಲ್ಲೇ ಕುಂದ್ರತೇನಿ" ಎಂದು ನಮ್ಮ ನಡುವೆ ಕುಳಿತೇಬಿಟ್ಟರು.

ಮಧ್ಯಾಹ್ನದೊಳಗೆ ನೀರಿನ ಬಂಡಿ ಬಂತು, ಮರುದಿನವೂ ಬಂತು. ಆದರೂ ಶಾಂತವ್ವನ ಸೆರಗಿನ ತುದಿಯಲ್ಲಿ ಅಂದಿನಿಂದ, ಮತ್ತೆ ನೀರು ನಿಂತರೆ ಮುಂದಿನ ಸಾಹೇಬರಿಗೆಂದು, ಒಂದು ತುಂಡು ಬೆಲ್ಲ ಕಟ್ಟಿಟ್ಟೇ ಇರುತ್ತದೆ.